ಲಾಗಿನ್ ಆಗದೆ ವಿಪಿಎನ್ ಇಲ್ಲ, ವಿಪಿಎನ್ ಇಲ್ಲದೆ ಲಾಗಿನ್ ಇಲ್ಲ

ಲ್ಯಾಪ್‌ಟಾಪ್ ತಂಗಿಯದು. ಅಂದರೆ ಅವಳ ಕಂಪನಿಯದು. ಅವಳು ಮಳೆಗಾಲದಲ್ಲಿ ಶಿರಸಿ ಹತ್ತಿರದ ನಮ್ಮ ಊರಿನಿಂದಲೇ ಕೆಲಸ ಮಾಡುತ್ತಾಳೆ. ಹಳೆಯ ಲ್ಯಾಪ್‌ಟಾಪಿನ ಸ್ಕ್ರೀನ್ ಮೇಲೆ ಹಸಿರು ಗೆರೆಗಳು ಎದ್ದು, ಆಮೇಲೆ ಪೂರ್ತಿ ಕಪ್ಪಾಯಿತು. ಬೆಂಗಳೂರಿನ ಆಫೀಸಿನವರು ಬದಲಿ ಲ್ಯಾಪ್‌ಟಾಪನ್ನು ಕೊರಿಯರ್ ಮಾಡಿದರು. ಚಾರ್ಜರ್, ಬ್ಯಾಗು, ಅವಳ ಹೆಸರು ಅಂಟಿಸಿದ ಚೀಟಿ, ಎಲ್ಲಾ ಸರಿಯಾಗೇ ಬಂತು. ಆನ್ ಮಾಡಿ ಹೆಸರು, ಪಾಸ್‌ವರ್ಡ್ ಹಾಕಿದರೆ ಮಾತ್ರ ಒಂದೇ ಉತ್ತರ: ನಿಮ್ಮ ಡೊಮೇನ್ ಸಿಗುತ್ತಿಲ್ಲ, ಹಾಗಾಗಿ ಒಳಗೆ ಬಿಡಲು ಆಗುವುದಿಲ್ಲ.

ಪಾಸ್‌ವರ್ಡ್ ತಪ್ಪೇ? ಅಲ್ಲ. ಅದೇ ಪಾಸ್‌ವರ್ಡ್‌ನಲ್ಲಿ ಅವಳ ಫೋನಿಗೆ ಆಫೀಸಿನ ಮೇಲ್ ಬರುತ್ತಿತ್ತು. ಆದರೂ ಪಾಸ್‌ವರ್ಡ್ ಡಬ್ಬದ ಪಕ್ಕದ ಕಣ್ಣಿನ ಗುರುತು ಒತ್ತಿ ಅಕ್ಷರ ಅಕ್ಷರ ನೋಡಿದೆ. ಕೀಬೋರ್ಡ್ ಭಾಷೆಯನ್ನೂ ನೋಡಿದೆ. ಬ್ರಿಟನ್ ಕೀಬೋರ್ಡ್ ಆಯ್ಕೆಯಾಗಿದ್ದರೆ ಅಟ್ ಗುರುತು ಮತ್ತು ಡಬಲ್ ಕೋಟ್ ಅದಲುಬದಲಾಗುತ್ತವೆ. ಸುಮಾರು ಜನರ ಪಾಸ್‌ವರ್ಡ್‌ನಲ್ಲಿ ಅಟ್ ಗುರುತು ಇದ್ದೇ ಇರುತ್ತದೆ ಅಲ್ವಾ. ಇಲ್ಲಿ ಆ ತೊಂದರೆ ಇರಲಿಲ್ಲ.

ನೆಟ್‌ವರ್ಕ್ ಕೂಡ ಇತ್ತು. ಲಾಗಿನ್ ಪರದೆಯ ಬಲಗಡೆ ಕೆಳಗೆ ವೈಫೈ ಗುರುತು ಇರುತ್ತದೆ. ಒಳಗೆ ಹೋಗದೆಯೇ ಅಲ್ಲಿಂದ ಮನೆಯ ವೈಫೈಗೆ ಸೇರಬಹುದು. ಸೇರಿಸಿದೆ. ಫೋನಿನ ಹಾಟ್‌ಸ್ಪಾಟ್ ಹಾಕಿ ನೋಡಿದೆ. ಅದೇ ಸಂದೇಶ. ಅದು ಕೇಳುತ್ತಿದ್ದದ್ದು ಇಂಟರ್‌ನೆಟ್ ಅಲ್ಲವೇ ಅಲ್ಲ. ಡೊಮೇನ್ ಅಂದರೆ ಕಂಪನಿಯ ಯಂತ್ರ, ಖಾತೆಗಳನ್ನೆಲ್ಲ ಒಟ್ಟಿಗೆ ಸೇರಿಸಿದ ಗುಂಪು. ಅದಕ್ಕೆ ಬೇಕಿದ್ದದ್ದು ಡೊಮೇನ್ ಕಂಟ್ರೋಲರ್. ಕಂಪನಿಯ ಎಲ್ಲರ ಹೆಸರು, ಪಾಸ್‌ವರ್ಡ್ ಇಟ್ಟುಕೊಂಡಿರುವ ಸರ್ವರ್ ಅದು. ಕಂಪನಿಯ ಒಳಜಾಲದಲ್ಲಿ ಕೂತಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಹೊರಗಿನಿಂದ ಆ ಒಳಜಾಲಕ್ಕೆ ಹಾಕುವ ಸುರಕ್ಷಿತ ದಾರಿಯೇ ವಿಪಿಎನ್.

ಹಾಗಾದರೆ ಹಳೆಯ ಲ್ಯಾಪ್‌ಟಾಪ್ ಇದೇ ಊರಿನಲ್ಲಿ ಇಷ್ಟು ದಿನ ಹೇಗೆ ತೆರೆಯುತ್ತಿತ್ತು? ತಂಗಿ ಕೇಳಿದ ಈ ಪ್ರಶ್ನೆಯಲ್ಲೇ ಉತ್ತರ ಇತ್ತು. ಡೊಮೇನ್‌ಗೆ ಸೇರಿದ ವಿಂಡೋಸ್ ಯಂತ್ರ, ಒಮ್ಮೆ ಸರ್ವರ್ ಒಪ್ಪಿದ ಲಾಗಿನ್ನನ್ನು ನೆನಪಿಟ್ಟುಕೊಳ್ಳುತ್ತದೆ. ಪಾಸ್‌ವರ್ಡನ್ನೇ ಬರೆದಿಡುವುದಿಲ್ಲ. ಬಳಕೆದಾರರ ಹೆಸರನ್ನೂ ಬೆರೆಸಿ ಅರೆದು ತೆಗೆದ ಒಂದು ಹ್ಯಾಶ್ ಇಡುತ್ತದೆ. ವಿಂಡೋಸ್ ವಿಸ್ಟಾದಿಂದ ಈಚೆಗೆ ಹೀಗೆ ಅರೆಯುವುದು 10,240 ಸುತ್ತು, ಕದ್ದವರಿಗೆ ಊಹಿಸಲು ಕಷ್ಟವಾಗಲಿ ಅಂತ. ಸರ್ವರ್ ಸಿಗದಿದ್ದಾಗ ನೀವು ಟೈಪ್ ಮಾಡಿದ್ದನ್ನು ಅದೇ ರೀತಿ ಅರೆದು, ಇಟ್ಟದ್ದರ ಜೊತೆ ತಾಳೆ ನೋಡುತ್ತದೆ. ಡೀಫಾಲ್ಟ್ ಆಗಿ ಕೊನೆಯ 10 ಲಾಗಿನ್‌ಗಳ ನೆನಪು, ಜಾಸ್ತಿ ಅಂದರೆ 50. ಈ ನೆನಪಿಗೆ ಗಡುವು ಇಲ್ಲ. ಆರು ತಿಂಗಳು ಆಫೀಸಿನ ಮುಖ ನೋಡದಿದ್ದರೂ ಲ್ಯಾಪ್‌ಟಾಪ್ ತೆರೆಯುತ್ತದೆ.

ಹೊಸ ಲ್ಯಾಪ್‌ಟಾಪಿಗೆ ತಂಗಿಯ ನೆನಪೇ ಇಲ್ಲ. ಆಫೀಸಿನಲ್ಲಿ ಅದನ್ನು ಸಿದ್ಧ ಮಾಡಿದವರು ತಮ್ಮ ಲಾಗಿನ್‌ನಲ್ಲಿ ಸಿದ್ಧ ಮಾಡಿ ಪ್ಯಾಕ್ ಮಾಡಿದ್ದಾರೆ. ಅವಳು ಒಮ್ಮೆಯೂ ಅದರಲ್ಲಿ ಲಾಗಿನ್ ಆಗಿಲ್ಲ. ಮೊದಲ ಸಲ ಆಗಲು ಸರ್ವರ್ ಬೇಕು. ಸರ್ವರ್ ಮುಟ್ಟಲು ವಿಪಿಎನ್ ಬೇಕು. ವಿಪಿಎನ್ ಹಚ್ಚಲು ಒಳಗೆ ಹೋಗಬೇಕು. ಮದುವೆ ಆಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆ ಆಗಲ್ಲ ಅನ್ನುವ ಗಾದೆಯನ್ನು ಇದಕ್ಕೇ ಹೊಲಿಸಿದಂತಿದೆ.

ಇದಕ್ಕೆ ನೇರ ಮದ್ದು ಇಲ್ಲದೇ ಇಲ್ಲ. ಲಾಗಿನ್‌ಗೆ ಮೊದಲೇ ವಿಪಿಎನ್ ಹಚ್ಚುವ ವ್ಯವಸ್ಥೆ ವಿಂಡೋಸ್‌ನಲ್ಲಿದೆ. ಅದನ್ನು ಹಾಕಿದ್ದರೆ ವೈಫೈ ಗುರುತಿನ ಪಕ್ಕದಲ್ಲಿ ಇನ್ನೊಂದು ಗುರುತು ಕಾಣುತ್ತದೆ. ಈ ಲ್ಯಾಪ್‌ಟಾಪಿನಲ್ಲಿ ವೈಫೈ, ಕೀಬೋರ್ಡ್, ಪವರ್ ಬಟನ್ ಬಿಟ್ಟರೆ ಏನೂ ಇರಲಿಲ್ಲ. ಖಾತೆಗಳನ್ನು ಮೈಕ್ರೋಸಾಫ್ಟಿನ ಕ್ಲೌಡ್‌ನಲ್ಲಿ ಇಡುವ ಎಂಟ್ರಾ ಬಳಸುವ ಕಂಪನಿಗಳಲ್ಲಿ, 2023ರವರೆಗೆ ಅಜುರ್ ಎಡಿ ಅನ್ನುತ್ತಿದ್ದರಲ್ಲ ಅದೇ, ಈ ಗೋಳಿಲ್ಲ. ಅಲ್ಲಿ ಲ್ಯಾಪ್‌ಟಾಪ್ ನೇರವಾಗಿ ಎಂಟ್ರಾಕ್ಕೇ ಸೇರಿದ್ದರೆ ಮೊದಲ ಲಾಗಿನ್‌ಗೆ ಬರೀ ಇಂಟರ್‌ನೆಟ್ ಸಾಕು. ತಂಗಿಯ ಕಂಪನಿಯದು ಹಳೇ ಪದ್ಧತಿ.

ಅಷ್ಟರಲ್ಲಿ ಮನೆಯಲ್ಲಿ ಸಲಹೆಗಳು ಶುರುವಾದವು. ಪೇಟೆಯ ಅಂಗಡಿಗೆ ಕೊಟ್ಟರೆ ಫಾರ್ಮ್ಯಾಟ್ ಹೊಡೆದು ಕೊಡುತ್ತಾರೆ ಅಂತ ಒಬ್ಬರು. ಪಾಸ್‌ವರ್ಡ್ ತೆಗೆಯುವ ಪೆನ್‌ಡ್ರೈವ್ ಇದೆ ಅಂತ ಇನ್ನೊಬ್ಬರು. ಎರಡಕ್ಕೂ ಕೈ ಹಾಕಬೇಡಿ. ಫಾರ್ಮ್ಯಾಟ್ ಹೊಡೆದರೆ ಡೊಮೇನ್ ಜೊತೆಗಿನ ಸಂಬಂಧವೇ ಹೋಗುತ್ತದೆ, ಆಮೇಲೆ ಲ್ಯಾಪ್‌ಟಾಪ್ ವಾಪಸ್ ಬೆಂಗಳೂರಿಗೇ ಹೋಗಬೇಕು. ಪೆನ್‌ಡ್ರೈವ್ ಮದ್ದು ಹತ್ತುವುದು ಯಂತ್ರದೊಳಗಿನ ಸ್ಥಳೀಯ ಖಾತೆಗಳಿಗೆ ಮಾತ್ರ, ಡೊಮೇನ್ ಖಾತೆ ಅದರ ಕೈಗೆ ಸಿಗದು. ಜೊತೆಗೆ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಇರುತ್ತದೆ. ಬೂಟ್ ಸೆಟ್ಟಿಂಗ್ ಕೆದಕಿದರೆ ಅದು ಎದ್ದು 48 ಅಂಕಿಯ ರಿಕವರಿ ಕೀ ಕೇಳುತ್ತಾ ಕೂರುತ್ತದೆ. ಒಂದು ತೊಂದರೆ ಇದ್ದದ್ದು ಎರಡಾಗುತ್ತದೆ, ಅಷ್ಟೇ. ಇನ್ನು ಇದು ಬೇರೆಯವರ ಯಂತ್ರ ಅನ್ನುವುದೂ ಇದೆ.

ಉಳಿದದ್ದು ಹೆಲ್ಪ್‌ಡೆಸ್ಕ್. ಅಲ್ಲಿನ ಹುಡುಗ ಮೊದಲು ತನ್ನ ಪಟ್ಟಿಯಲ್ಲಿದ್ದದ್ದನ್ನು ಮಾಡಿದ, ಅಂದರೆ ಪಾಸ್‌ವರ್ಡ್ ರೀಸೆಟ್. ಬೇಡ ಅಂದರೂ ಮಾಡಿದ. ಇದು ಮುಂದೆ ಕಾಲಿಗೆ ಸಿಕ್ಕಿಕೊಳ್ಳುತ್ತದೆ, ಹೇಳುತ್ತೇನೆ. ಲಾಗಿನ್ ಮತ್ತೆ ಆಗಲಿಲ್ಲ. ಆಗುವುದೂ ಇಲ್ಲ. ಸರ್ವರಿನಲ್ಲಿ ಏನೇ ಬದಲಿಸಿದರೂ, ಸರ್ವರನ್ನೇ ಕಾಣದ ಲ್ಯಾಪ್‌ಟಾಪಿಗೆ ಅದು ಗೊತ್ತಾಗುವ ದಾರಿ ಇಲ್ಲ.

ಆಗ ಸ್ಥಳೀಯ ಅಡ್ಮಿನ್ ಖಾತೆಯ ಮಾತು ತೆಗೆದೆ. ಲ್ಯಾಪ್ಸ್ ಅಂತ ಮೈಕ್ರೋಸಾಫ್ಟಿನ ಒಂದು ವ್ಯವಸ್ಥೆ ಇದೆ. 2023ರ ಏಪ್ರಿಲ್‌ನಿಂದ ವಿಂಡೋಸ್‌ನ ಒಳಗೇ ಬಂದಿದೆ. ಪ್ರತಿ ಲ್ಯಾಪ್‌ಟಾಪಿನ ಸ್ಥಳೀಯ ಅಡ್ಮಿನ್‌ಗೆ ಬೇರೆ ಬೇರೆ ಪಾಸ್‌ವರ್ಡ್ ಸೃಷ್ಟಿಸಿ, ಆಗಾಗ ಬದಲಿಸಿ, ಕಂಪನಿಯ ಡೈರೆಕ್ಟರಿಯಲ್ಲಿ, ಅಂದರೆ ಖಾತೆಗಳ ಪಟ್ಟಿಯಲ್ಲಿ, ಇಡುತ್ತದೆ. ಅಧಿಕಾರ ಇದ್ದವರು ತೆಗೆದು ನೋಡಬಹುದು. ಈ ಖಾತೆಗೆ ಡೊಮೇನ್ ಬೇಕಿಲ್ಲ. ಹುಡುಗ ಮೇಲಿನವರನ್ನು ಕೇಳಿ, ತಂಗಿಯ ಮ್ಯಾನೇಜರ್‌ನಿಂದ ಒಪ್ಪಿಗೆಯ ಮೇಲ್ ತರಿಸಿ, ಕೊನೆಗೆ ಫೋನಿನಲ್ಲಿ ಓದಲು ಒಪ್ಪಿದ. ಕೆಲಸ ಮುಗಿದ ಮೇಲೆ ಆ ಪಾಸ್‌ವರ್ಡ್ ಬದಲಾಗಿಬಿಡುತ್ತದೆ ಅನ್ನುವ ಷರತ್ತಿನ ಮೇಲೆ. ಸರಿಯಾದ ಷರತ್ತೇ.

14 ಅಕ್ಷರ. ಮಳೆ ಜೋರು, ಫೋನಿನಲ್ಲಿ ಒಂದೇ ಕಡ್ಡಿ ಸಿಗ್ನಲ್. ತಂಗಿ ಜಗುಲಿಯ ತುದಿಯಲ್ಲಿ ನಿಂತು ಕೂಗುತ್ತಾಳೆ, ನಾನು ಒಳಗೆ ಕೂತು ಬರೆದುಕೊಳ್ಳುತ್ತೇನೆ. 'ಬಿ ಫಾರ್ ಬೆಂಗಳೂರು, ಸ್ಮಾಲ್.' 'ಬಿಯಾ, ಡಿಯಾ?' 'ಬೆಂಗಳೂರು ಅಂದ್ನಲ್ಲ!' 'ಆಮೇಲೆ ಐ.' 'ಕ್ಯಾಪಿಟಲ್ ಐಯಾ, ಸ್ಮಾಲ್ ಎಲ್ಲಾ?' ಆ ಕಡೆ ಮೌನ. ಅವನ ಸ್ಕ್ರೀನಿನಲ್ಲೂ ಎರಡೂ ಒಂದೇ ಥರದ ನೆಟ್ಟಗಿನ ಗೆರೆ. ನೋಟ್‌ಪ್ಯಾಡಿಗೆ ಅಂಟಿಸಿ ಫಾಂಟ್ ಬದಲಿಸಿ ನೋಡಪ್ಪ ಅಂದೆ. ಎಲ್ ಆಗಿತ್ತು. ಸೊನ್ನೆಯೋ ಓ ಅಕ್ಷರವೋ ಅಂತ ಇನ್ನೊಂದು ಸುತ್ತು.

ಸ್ಥಳೀಯ ಖಾತೆಗೆ ಹೋಗಲು 'ಬೇರೆ ಬಳಕೆದಾರ' ಆರಿಸಿ, ಹೆಸರಿಗೆ ಮೊದಲು ಒಂದು ಚುಕ್ಕೆ ಮತ್ತು ಬ್ಯಾಕ್‌ಸ್ಲ್ಯಾಶ್ ಹಾಕಬೇಕು. ಚುಕ್ಕೆ ಅಂದರೆ 'ಈ ಯಂತ್ರದ್ದೇ' ಅಂತ. ಅದಿಲ್ಲದಿದ್ದರೆ ವಿಂಡೋಸ್ ಮತ್ತೆ ಡೊಮೇನನ್ನೇ ಹುಡುಕುತ್ತದೆ. ಹಾಕಿದೆ. ಡೆಸ್ಕ್‌ಟಾಪ್ ಬಂತು. ತಂಗಿ ಚಪ್ಪಾಳೆ ಹೊಡೆದಳು. ಇನ್ನೂ ಅರ್ಧ ದಾರಿ ಇತ್ತು.

ವಿಪಿಎನ್ ತೆರೆದು ತಂಗಿಯ ಹೆಸರು ಹಾಕುವ ಮೊದಲೇ ಸರ್ಟಿಫಿಕೇಟ್, ಅಂದರೆ ಸರ್ವರಿನ ಗುರುತಿನ ಚೀಟಿ, ಸರಿಯಿಲ್ಲ ಅಂತ ತಕರಾರು. ವಿವರ ತೆರೆದರೆ, ಸರ್ವರಿನ ಸರ್ಟಿಫಿಕೇಟ್ ಇನ್ನೂ ಜಾರಿಗೇ ಬಂದಿಲ್ಲ ಎನ್ನುತ್ತಿದೆ. ಕೆಳಗಿನ ಗಡಿಯಾರ ನೋಡಿದೆ. 2022ರ ಜನವರಿ. ಲಾಕ್ ಸ್ಕ್ರೀನಿನಲ್ಲೂ ಅದೇ ದಿನಾಂಕ ಅಂಗೈ ಅಗಲ ಬರೆದುಕೊಂಡೇ ಇತ್ತು. ಆದರೆ ಲಾಕ್ ಸ್ಕ್ರೀನಿನ ದಿನಾಂಕವನ್ನು ಯಾರು ಓದುತ್ತಾರೆ? ಲ್ಯಾಪ್‌ಟಾಪ್ ಸ್ಟಾಕ್ ರೂಮಿನಲ್ಲಿ ಬಹಳ ಕಾಲ ಬಿದ್ದಿತ್ತು, ಚಾರ್ಜ್ ಪೂರ್ತಿ ಇಳಿದಿತ್ತು, ಗಡಿಯಾರ ನಡೆಸುವ ಒಳಗಿನ ಪುಟ್ಟ ಬ್ಯಾಟರಿಯೂ ಸತ್ತಿರಬೇಕು.

ಇಂಟರ್‌ನೆಟ್ ಇದೆಯಲ್ಲ, ಸಮಯ ತಾನೇ ಸರಿಹೋಗಬಾರದೇ? ಮನೆಯ ಕಂಪ್ಯೂಟರ್ ಆಗಿದ್ದರೆ ಹೋಗುತ್ತಿತ್ತು. ಡೊಮೇನ್‌ಗೆ ಸೇರಿದ ಯಂತ್ರ ಡೀಫಾಲ್ಟ್ ಆಗಿ ಸಮಯ ಕೇಳುವುದು ಇಂಟರ್‌ನೆಟ್ಟನ್ನಲ್ಲ, ಡೊಮೇನ್ ಕಂಟ್ರೋಲರನ್ನು. ಮತ್ತೆ ಅದೇ ಬಾಗಿಲು! ಸಾಮಾನ್ಯ ಬಳಕೆದಾರರಿಗೆ ಟೈಮ್ ಜೋನ್ ಬದಲಿಸಲು ಬಿಡುವ ವಿಂಡೋಸ್, ಗಡಿಯಾರ ತಿರುಗಿಸಲು ಬಿಡುವುದಿಲ್ಲ. ನಮ್ಮ ಕೈಯಲ್ಲಿ ಅಡ್ಮಿನ್ ಇತ್ತು, ಕೈಯಾರೆ ದಿನಾಂಕ ಕೂರಿಸಿದೆ. ಸುಮಾರಾಗಿ ಕೂರಿಸಬೇಡಿ, ಫೋನ್ ನೋಡಿ ನಿಮಿಷ ಸಮೇತ ಕೂರಿಸಿ. ಡೊಮೇನ್ ಲಾಗಿನ್‌ನ ಕೆರ್ಬರೋಸ್ ಪದ್ಧತಿಗೆ ಡೀಫಾಲ್ಟ್ ಆಗಿ 5 ನಿಮಿಷದ ವ್ಯತ್ಯಾಸದವರೆಗೆ ಮಾತ್ರ ಸಮಾಧಾನ.

ಸರ್ಟಿಫಿಕೇಟಿನ ತಕರಾರು ಹೋಯಿತು. ಈಗ ವಿಪಿಎನ್ ತಂಗಿಯ ಪಾಸ್‌ವರ್ಡನ್ನು ಒಪ್ಪಲಿಲ್ಲ. ಕಾಲಿಗೆ ಸಿಕ್ಕಿಕೊಳ್ಳುತ್ತದೆ ಅಂದಿದ್ದೆನಲ್ಲ, ಇಲ್ಲಿ ಸಿಕ್ಕಿತು. ಸರ್ವರಿನಲ್ಲಿ ಪಾಸ್‌ವರ್ಡ್ ರೀಸೆಟ್ ಮಾಡುವ ಡಬ್ಬದಲ್ಲಿ ಒಂದು ಟಿಕ್ ಇದೆ: ಮುಂದಿನ ಲಾಗಿನ್‌ನಲ್ಲಿ ಬಳಕೆದಾರರು ಪಾಸ್‌ವರ್ಡ್ ಬದಲಿಸಲೇಬೇಕು. ಆಫೀಸಿನಲ್ಲಿ ಕೂತವರಿಗೆ ಅದು ಒಳ್ಳೆಯದೇ. ಹೊರಗಿದ್ದವರಿಗೆ ಎಷ್ಟೋ ವಿಪಿಎನ್‌ಗಳಲ್ಲಿ ಬದಲಿಸುವ ಪರದೆಯೇ ಬರುವುದಿಲ್ಲ, ಬಾಗಿಲಲ್ಲೇ ತಳ್ಳಿಬಿಡುತ್ತದೆ. ಮತ್ತೆ ಫೋನು, ಮತ್ತೆ ಜಗುಲಿ. ಆ ಟಿಕ್ ತೆಗಿ ಮಾರಾಯ ಅಂತ ಹುಡುಗನಿಗೆ ಹೇಳಿ ತೆಗೆಸಿದ್ದಾಯಿತು. ಅಷ್ಟೊತ್ತಿಗೆ ಫೋನಿನ ಮೇಲ್ ಆಪ್ ಹಳೇ ಪಾಸ್‌ವರ್ಡಿನಿಂದ ಸರ್ವರಿನ ಬಾಗಿಲು ಬಡಿಯುತ್ತಾ ಖಾತೆಯನ್ನು ಲಾಕ್ ಮಾಡಿಸಿತ್ತು. ಅದನ್ನೂ ಬಿಡಿಸಿದ. ಪಾಸ್‌ವರ್ಡ್ ಬದಲಾದಾಗ ಮೊದಲು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕುವುದು ಒಳ್ಳೆಯ ಅಭ್ಯಾಸ. ಖಾತೆ ಲಾಕ್ ಆದಾಗ ಎಲ್ಲರೂ ಲ್ಯಾಪ್‌ಟಾಪನ್ನು ಬೈಯುತ್ತಾರೆ, ಕಳ್ಳ ಜೇಬಿನಲ್ಲಿರುತ್ತಾನೆ.

ವಿಪಿಎನ್ ಹತ್ತಿತು. ಡೊಮೇನ್ ನಿಜವಾಗಿ ಕಾಣುತ್ತಿದೆಯಾ ಅಂತ ಎನ್‌ಎಲ್‌ಟೆಸ್ಟ್ ಎಂಬ ವಿಂಡೋಸ್‌ನದೇ ಕಮಾಂಡಿನಿಂದ ಕೇಳಿದೆ. ಡೊಮೇನ್ ಕಂಟ್ರೋಲರಿನ ಹೆಸರು ಹೇಳಿತು. ಈ ಹಂತ ಬಿಡಬೇಡಿ. ವಿಪಿಎನ್ ಹಸಿರಾಗಿದ್ದರೂ ಹೆಸರು ಹುಡುಕುವ ಕೆಲಸ ಇನ್ನೂ ಮನೆಯ ರೂಟರ್ ಕೈಯಲ್ಲೇ ಇದ್ದರೆ ಡೊಮೇನ್ ಸಿಗುವುದಿಲ್ಲ.

ಈಗ ಅಡ್ಮಿನ್‌ನಿಂದ ಲಾಗ್ ಆಫ್ ಆಗಿ ತಂಗಿಯ ಹೆಸರಲ್ಲಿ ಬರೋಣ ಅನ್ನಿಸುವುದು ಸಹಜ. ಲಾಗ್ ಆಫ್ ಆದರೆ ವಿಪಿಎನ್ ಬಿದ್ದುಹೋಗುತ್ತದೆ, ಮತ್ತೆ ಮೊದಲಿನ ಜಾಗಕ್ಕೇ. ಬಳಕೆದಾರರನ್ನು ಬರೀ ಸ್ವಿಚ್ ಮಾಡಿದರೆ ಕೆಲವು ವಿಪಿಎನ್ ಉಳಿಯುತ್ತವೆ, ಕೆಲವು ಅದನ್ನು ಕಂಡೊಡನೆ ಕಡಿದುಕೊಳ್ಳುತ್ತವೆ. ಅದಕ್ಕಿಂತ ಭದ್ರವಾದದ್ದು, ಬೇರೆ ಬಳಕೆದಾರರ ಹೆಸರಲ್ಲಿ ಪ್ರೋಗ್ರಾಂ ತೆರೆಯುವ ರನ್‌ಆಸ್ ಕಮಾಂಡ್. ಕಮಾಂಡ್ ಕಿಟಕಿಯಲ್ಲಿ ರನ್‌ಆಸ್ ಬರೆದು, ಡೊಮೇನ್ ಸಮೇತ ತಂಗಿಯ ಹೆಸರು ಕೊಟ್ಟು, ಇನ್ನೊಂದು ಕಮಾಂಡ್ ಕಿಟಕಿ ತೆರೆಯಲು ಹೇಳಿದೆ. ಪಾಸ್‌ವರ್ಡ್ ಕೇಳಿತು. ಇಲ್ಲಿ ಟೈಪ್ ಮಾಡುವಾಗ ಏನೂ ಕಾಣುವುದಿಲ್ಲ. ಚುಕ್ಕೆ ಇಲ್ಲ, ನಕ್ಷತ್ರ ಇಲ್ಲ, ಕರ್ಸರ್ ಅಲುಗಾಡುವುದೂ ಇಲ್ಲ. ಕೀಬೋರ್ಡ್ ಕೆಟ್ಟಿದೆ ಅಂತ ತಂಗಿ ಕೈ ತೆಗೆದಳು. ಸುಮ್ನೆ ಟೈಪ್ ಮಾಡಿ ಎಂಟರ್ ಒತ್ತು ಅಂದೆ. ಒಂದೆರಡು ಉಸಿರು ತಡೆದು ಎರಡನೇ ಕಪ್ಪು ಕಿಟಕಿ ಎದ್ದಿತು. ಅದರಲ್ಲಿ 'ನಾನು ಯಾರು' ಎಂದು ಕೇಳುವ ಕಮಾಂಡ್ ಕೊಟ್ಟೆ. ತಂಗಿಯ ಹೆಸರು ಬಂತು.

ಅಷ್ಟೇ. ರನ್‌ಆಸ್ ಮಾಡುವುದೂ ವಿಂಡೋಸ್ ಲೆಕ್ಕದಲ್ಲಿ ಎದುರಿಗೆ ಕೂತು ಮಾಡಿದ ಲಾಗಿನ್ನೇ. ಸರ್ವರ್ ಒಪ್ಪಿತು, ನೆನಪಿನಲ್ಲಿ ಸಾಲು ಬಿತ್ತು. ಅಡ್ಮಿನ್‌ನಿಂದ ಲಾಗ್ ಆಫ್ ಆದೆ, ವಿಪಿಎನ್ ಬಿತ್ತು, ಬೀಳಲಿ. ತಂಗಿ ತನ್ನ ಹೆಸರು, ಪಾಸ್‌ವರ್ಡ್ ಹಾಕಿದಳು. ತೆರೆಯಿತು.

ಅವಳು ಕೆಲಸಕ್ಕೆ ಕೂತಳು, ನನಗೆ ಮಾತ್ರ ಸಮಾಧಾನ ಆಗಲಿಲ್ಲ. ಈ ನೆನಪಿನ ಆಟವನ್ನು ಕಣ್ಣಾರೆ ನೋಡಬೇಕು ಅನ್ನಿಸಿತು. ಮನೆಯಲ್ಲಿ 16 ಜಿಬಿ ರ‍್ಯಾಮಿನ ಹಳೇ ಡೆಸ್ಕ್‌ಟಾಪ್ ಇದೆ. ಒಂದು ಕಂಪ್ಯೂಟರಿನೊಳಗೆ ಬೇರೆ ಕಂಪ್ಯೂಟರುಗಳನ್ನು ನಡೆಸುವ ವರ್ಚುವಲ್‌ಬಾಕ್ಸ್ ಹಾಕಿ ಅದರಲ್ಲಿ ಎರಡು ಯಂತ್ರ ಕಟ್ಟಿದೆ. ಒಂದು ವಿಂಡೋಸ್ ಸರ್ವರ್ 2022, ಇನ್ನೊಂದು ವಿಂಡೋಸ್ 11 ಎಂಟರ್‌ಪ್ರೈಸ್. ಎರಡನ್ನೂ ಮೈಕ್ರೋಸಾಫ್ಟ್ ಪರೀಕ್ಷೆಗೆ ಉಚಿತವಾಗಿ ಕೊಡುತ್ತದೆ, ಸರ್ವರ್ 180 ದಿನ, ಇನ್ನೊಂದು 90 ದಿನ. ವಿಂಡೋಸ್ 11ಕ್ಕೆ ಟಿಪಿಎಂ ಎಂಬ ಭದ್ರತಾ ಚಿಪ್ ಬೇಕು. ವರ್ಚುವಲ್‌ಬಾಕ್ಸ್ 7ರಿಂದ ಅದನ್ನೂ ಸೃಷ್ಟಿಸಿಕೊಡುತ್ತದೆ. ಹೋಮ್ ಆವೃತ್ತಿ ಹಾಕಬೇಡಿ, ಅದು ಡೊಮೇನ್‌ಗೆ ಸೇರುವುದೇ ಇಲ್ಲ.

ಎರಡೂ ಯಂತ್ರಗಳನ್ನು ಒಳಗಿನ ಖಾಸಗಿ ಜಾಲಕ್ಕೆ ಹಾಕಿ, ಸರ್ವರಿಗೆ ಸ್ಥಿರ ವಿಳಾಸ ಕೊಟ್ಟು, ಡೊಮೇನ್ ಕಂಟ್ರೋಲರ್ ಮಾಡಿದೆ. ಕ್ಲೈಂಟ್ ಯಂತ್ರದ, ಅಂದರೆ ವಿಂಡೋಸ್ 11ರ, ಡಿಎನ್‌ಎಸ್ ವಿಳಾಸ (ಹೆಸರು ಹುಡುಕಲು ಕೇಳುವ ಜಾಗ) ಸರ್ವರನ್ನೇ ತೋರಿಸಬೇಕು, ಬೇರೆ ಯಾವುದೂ ಬೇಡ. ಡೊಮೇನ್‌ಗೆ ಸೇರುತ್ತಿಲ್ಲ ಅಂತ ಬರುವ ದೂರುಗಳಲ್ಲಿ ಬಹುಪಾಲು ಇಲ್ಲೇ ಇರುತ್ತವೆ ಅಂತ ನನ್ನ ಅಂದಾಜು. ಇಬ್ಬರು ಬಳಕೆದಾರರು: ಗೌರಿ, ಗಣೇಶ.

ಗೌರಿಯನ್ನು ಒಮ್ಮೆ ಲಾಗಿನ್ ಮಾಡಿಸಿ ಹೊರಗೆ ತಂದೆ. ವರ್ಚುವಲ್‌ಬಾಕ್ಸ್ ಮೆನುವಿನಲ್ಲಿ ಕೇಬಲ್ ಕಿತ್ತೆ, ಅಂದರೆ ಟಿಕ್ ತೆಗೆದೆ. ಗೌರಿ ಸಲೀಸಾಗಿ ಒಳಗೆ ಹೋದಳು. ಗಣೇಶನಿಗೆ ತಂಗಿಗೆ ಬಂದ ಅದೇ ಸಂದೇಶ, ಅಕ್ಷರ ಬದಲಾಗದೆ. ಆಮೇಲೆ ಪಾಲಿಸಿಯಲ್ಲಿ ನೆನಪಿನ ಸಂಖ್ಯೆಯನ್ನು 10ರಿಂದ 1ಕ್ಕೆ ಇಳಿಸಿದೆ. ಕೇಬಲ್ ಹಾಕಿ ಮೊದಲು ಗೌರಿ, ಆಮೇಲೆ ಗಣೇಶ. ಕೇಬಲ್ ಕಿತ್ತೆ. ಈಗ ಗಣೇಶ ಒಳಗೆ, ಗೌರಿ ಹೊರಗೆ. ಇದ್ದದ್ದು ಒಂದೇ ಸಾಲು, ಅದನ್ನು ಗಣೇಶ ಹಿಡಿದುಕೊಂಡ. ಕೆಲವು ಬಿಗಿ ಆಫೀಸುಗಳಲ್ಲಿ ಈ ಸಂಖ್ಯೆಯನ್ನು 0 ಇಟ್ಟಿರುತ್ತಾರೆ. ಅಂಥ ಲ್ಯಾಪ್‌ಟಾಪ್ ಹಿಡಿದು, ಲಾಗಿನ್‌ಗೆ ಮೊದಲಿನ ವಿಪಿಎನ್ ಇಲ್ಲದೆ ಊರಿಗೆ ಹೋದರೆ ಅದು ಬರೀ ಭಾರ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಪಾಸ್‌ವರ್ಡ್ ಬದಲಿಸುವ ಪ್ರಯೋಗ. ಯಾಕೆಂದರೆ ಹೊರಗಿದ್ದು ಕೆಲಸ ಮಾಡುವವರು ಅತಿ ಹೆಚ್ಚು ಸಿಕ್ಕಿಬೀಳುವುದು ಇಲ್ಲಿ. ಸಂಖ್ಯೆಯನ್ನು ಮತ್ತೆ 10 ಮಾಡಿ ಗೌರಿಯನ್ನು ಒಮ್ಮೆ ಲಾಗಿನ್ ಮಾಡಿಸಿ, ಕೇಬಲ್ ಕಿತ್ತು, ಸರ್ವರಿನಲ್ಲಿ ಗೌರಿಯ ಪಾಸ್‌ವರ್ಡ್ ಬದಲಿಸಿದೆ. ಫೋನಿನಿಂದಲೋ ವೆಬ್ ಪೋರ್ಟಲಿನಿಂದಲೋ ಬದಲಿಸಿದರೂ ಆಗುವುದು ಇದೇ. ಕ್ಲೈಂಟಿಗೆ ಹೊಸ ಪಾಸ್‌ವರ್ಡ್ ಕೊಟ್ಟರೆ ತಪ್ಪು ಎನ್ನುತ್ತದೆ. ಹಳೆಯದು ಕೊಟ್ಟರೆ ತೆರೆಯುತ್ತದೆ. ಜನ ಹೊಸದನ್ನೇ ಮತ್ತೆ ಮತ್ತೆ ಹಾಕಿ ಸುಸ್ತಾಗುತ್ತಾರೆ.

ಮದ್ದು ಹೀಗೆ. ಹಳೆಯದರಲ್ಲಿ ಒಳಗೆ ಹೋಗಿ. ವಿಪಿಎನ್ನಿಗೆ ಹೊಸದು ಕೊಡಿ, ಅದು ಸರ್ವರನ್ನು ಕೇಳುವುದರಿಂದ ಹೊಸದೇ ಬೇಕು. ಹತ್ತಿದ ಮೇಲೆ ಸ್ಕ್ರೀನ್ ಲಾಕ್ ಮಾಡಿ, ಲಾಗ್ ಆಫ್ ಅಲ್ಲ, ಬರೀ ಲಾಕ್. ಹೊಸ ಪಾಸ್‌ವರ್ಡಿನಿಂದ ತೆರೆಯಿರಿ. ನೆನಪಿನ ಜೊತೆ ತಾಳೆ ಆಗದ್ದರಿಂದ ವಿಂಡೋಸ್ ಸರ್ವರನ್ನು ಕೇಳುತ್ತದೆ, ಸರ್ವರ್ ಹೌದು ಅನ್ನುತ್ತದೆ, ಹಳೇ ಸಾಲು ಅಳಿದು ಹೊಸದು ಕೂರುತ್ತದೆ. ನನ್ನ ಪುಟ್ಟ ಡೊಮೇನಿನಲ್ಲಿ ವಿಪಿಎನ್ ಬದಲು ಕೇಬಲ್ ಹಾಕಿ ಇದನ್ನೇ ಮಾಡಿದೆ. ಮತ್ತೆ ಕೇಬಲ್ ಕಿತ್ತರೆ ಹೊಸ ಪಾಸ್‌ವರ್ಡ್ ಒಳಗೆ ಬಿಟ್ಟಿತು, ಹಳೆಯದು ಹೊರಗೇ ನಿಂತಿತು. ಇಷ್ಟೆಲ್ಲಾ ಸರ್ಕಸ್ಸಿಗೆ ಮೂಲ, ಇಂತಿಷ್ಟು ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಿ ಅನ್ನುವ ನಿಯಮ. ಮೈಕ್ರೋಸಾಫ್ಟೇ 2019ರಲ್ಲಿ ತನ್ನ ಭದ್ರತಾ ಶಿಫಾರಸಿನಿಂದ ಅದನ್ನು ಕೈಬಿಟ್ಟಿತು. ಆಫೀಸುಗಳು ಬಿಟ್ಟಿಲ್ಲ.

ಇನ್ನೊಂದನ್ನು ನೋಡಿಯೇ ಬಿಡೋಣ ಅಂತ ಸರ್ವರಿನಲ್ಲಿ ಕ್ಲೈಂಟ್ ಯಂತ್ರದ ಖಾತೆಯನ್ನೇ ರೀಸೆಟ್ ಮಾಡಿದೆ. ಯಂತ್ರಕ್ಕೂ ಒಂದು ಖಾತೆ, ಒಂದು ಪಾಸ್‌ವರ್ಡ್ ಇರುತ್ತದೆ. ಡೀಫಾಲ್ಟ್ ಆಗಿ 30 ದಿನಕ್ಕೊಮ್ಮೆ ಯಂತ್ರವೇ ಅದನ್ನು ಬದಲಿಸಿಕೊಳ್ಳುತ್ತದೆ. ಆಫೀಸಿನಿಂದ ದೂರ ಇದ್ದ ಮಾತ್ರಕ್ಕೆ ಅದು ಕೆಡುವುದಿಲ್ಲ, ಸರ್ವರ್ ಸಿಗುವವರೆಗೆ ಯಂತ್ರ ಬದಲಿಸಲು ಹೋಗುವುದಿಲ್ಲ. ಎರಡೂ ಕಡೆಯ ಪಾಸ್‌ವರ್ಡ್ ಬೇರೆ ಬೇರೆಯಾದರೆ ಮಾತ್ರ, ನಂಬಿಕೆಯ ಸಂಬಂಧ ಮುರಿದಿದೆ ಅಂತ ಲಾಗಿನ್ ಪರದೆಯಲ್ಲಿ ಬರುತ್ತದೆ. ಬಂತು. ಈಗ ಕೇಬಲ್ ಕಿತ್ತು ಲಾಗಿನ್ ಮಾಡಿದರೆ? ಗೌರಿ ಒಳಗೆ ಹೋದಳು! ಸರ್ವರ್ ಸಿಕ್ಕರೆ ಬೇಡ ಅನ್ನುತ್ತದೆ, ಸಿಗದಿದ್ದರೆ ನೆನಪು ಬಾ ಅನ್ನುತ್ತದೆ. ಈ ಸಂದೇಶ ಕಂಡಾಗ ವೈಫೈ ಆಫ್ ಮಾಡಿ ಲಾಗಿನ್ ಆಗಿ ನೋಡುವುದು ಅದಕ್ಕೇ. ಒಳಗೆ ಹೋದ ಮೇಲೆ ಕೇಬಲ್ ಹಾಕಿ, ಅಡ್ಮಿನ್ ಪವರ್‌ಶೆಲ್‌ನಲ್ಲಿ ಸೆಕ್ಯೂರ್ ಚಾನೆಲ್, ಅಂದರೆ ಆ ನಂಬಿಕೆಯ ಸಂಬಂಧ, ಪರೀಕ್ಷಿಸುವ ಕಮಾಂಡನ್ನು ರಿಪೇರ್ ಆಯ್ಕೆಯೊಂದಿಗೆ ಓಡಿಸಿದೆ. ಸರಿಹೋಯಿತು. ಡೊಮೇನಿನಿಂದ ತೆಗೆದು ಮತ್ತೆ ಸೇರಿಸುವ ಹಳೇ ಕಸರತ್ತು ಬೇಕಾಗಲಿಲ್ಲ.

ಕೊನೆಗೆ ಲಾಗಿನ್‌ಗೆ ಮೊದಲಿನ ವಿಪಿಎನ್. ಸರ್ವರಿಗೇ ವಿಪಿಎನ್ ಪಾತ್ರವನ್ನೂ ಕೊಟ್ಟು, ಕ್ಲೈಂಟಿನಲ್ಲಿ ವಿಂಡೋಸ್‌ನದೇ ವಿಪಿಎನ್ ಕನೆಕ್ಷನ್ ಮಾಡಿದೆ. ಸೆಟ್ಟಿಂಗ್ಸ್‌ನಿಂದ ಮಾಡಿದರೆ ಅದು ಆ ಬಳಕೆದಾರರಿಗೆ ಮಾತ್ರ ಸೇರುತ್ತದೆ, ಲಾಗಿನ್ ಪರದೆಯಲ್ಲಿ ಏನೂ ಕಾಣುವುದಿಲ್ಲ. ಪವರ್‌ಶೆಲ್‌ನಿಂದ ಎಲ್ಲಾ ಬಳಕೆದಾರರಿಗೂ ಅನ್ನುವ ಆಯ್ಕೆ ಹಾಕಿ ಮಾಡಿದೆ. ವೈಫೈ ಗುರುತಿನ ಪಕ್ಕ ಹೊಸ ಗುರುತು ಬಂದು ಕೂತಿತು. ಅದನ್ನು ಒತ್ತಿ, ಒಮ್ಮೆಯೂ ಆ ಯಂತ್ರ ಕಾಣದ ಮೂರನೇ ಬಳಕೆದಾರನನ್ನು ಸೃಷ್ಟಿಸಿ ಹೊರಗಿನ ಜಾಲದಿಂದ ಲಾಗಿನ್ ಮಾಡಿಸಿದೆ. ನೇರವಾಗಿ ಒಳಗೆ ಹೋದ.

ತಂಗಿಯ ಕಂಪನಿ ಬಳಸುವ ವಿಪಿಎನ್‌ಗೂ ಇಂಥದ್ದೇ ಒಂದು ಮಾಡ್ಯೂಲ್ ಇದೆ, ಕೊರಿಯರ್ ಮಾಡುವ ಲ್ಯಾಪ್‌ಟಾಪಿಗೆ ಅದನ್ನು ಹಾಕಿ ಕಳಿಸಿ ಅಂತ ಹೆಲ್ಪ್‌ಡೆಸ್ಕಿಗೆ ಅವಳ ಕೈಲಿ ಟಿಕೆಟ್ ಹಾಕಿಸಿದ್ದೇವೆ. ಟಿಕೆಟ್ ಇನ್ನೂ ತೆರೆದೇ ಇದೆ.